ವಿದ್ಯುತ್ ಗಂಟೆ: ಜೋಡಿಸುತ್ತಲೇ ಪರೀಕ್ಷಿಸುವುದು

ಏಳನೆಯ ತರಗತಿಗೆ ವಿದ್ಯುತ್ ಗಂಟೆಯ ಪಾಠ ಮಾಡಿದ ದಿನ ನನ್ನ ಗಂಟೆ ಮೊಳಗಲಿಲ್ಲ. ಹಿಂದಿನ ಬೆಂಚಿನಲ್ಲಿ ವೀಕ್ಷಕರಿದ್ದರು. ಗುಂಡಿ ಒತ್ತಿದೆ, 'ಟಣ್' ಎಂದು ಒಂದೇ ಸದ್ದು, ಸುತ್ತಿಗೆ ಬಟ್ಟಲಿಗೆ ಒರಗಿ ನಿಂತುಬಿಟ್ಟಿತು. ಹಿಂದಿನ ರಾತ್ರಿ ಎಲ್ಲವನ್ನೂ ಜೋಡಿಸಿದ್ದೆ, ಪರೀಕ್ಷಿಸಿರಲಿಲ್ಲ. ಉಳಿದ ಅವಧಿ ಕಪ್ಪುಹಲಗೆಯ ಚಿತ್ರದಲ್ಲೇ ಮುಗಿಯಿತು.

ಗಂಟೆ ನಿಲ್ಲದೆ ಬಡಿಯುವುದು ಅದು ತನ್ನ ಮಂಡಲವನ್ನು ತಾನೇ ಕಡಿದುಕೊಳ್ಳುವುದರಿಂದ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಬ್ಬಿಣದ ಪಟ್ಟಿ ಸೆಳೆಯಲ್ಪಡುತ್ತದೆ, ಸುತ್ತಿಗೆ ಬಡಿಯುತ್ತದೆ, ಪಟ್ಟಿ ಸ್ಕ್ರೂವಿನಿಂದ ಬಿಡುತ್ತದೆ. ವಿದ್ಯುತ್ ನಿಂತೊಡನೆ ಸ್ಪ್ರಿಂಗ್ ಅದನ್ನು ಮರಳಿ ತರುತ್ತದೆ. ಒಂದೇ ಸಲ ಬಡಿದು ನಿಂತರೆ ಸಂಶಯ ಎರಡು: ಸಂಪರ್ಕ ಬಿಡುತ್ತಿಲ್ಲ, ಇಲ್ಲವೆ ತಿರುಳು ಮೆದು ಕಬ್ಬಿಣವಲ್ಲದೆ ಉಕ್ಕಾಗಿದ್ದು ಕಾಂತತ್ವ ಉಳಿದಿದೆ. ಗುಂಡಿಯಿಂದ ಕೈ ತೆಗೆದಾಗ ಪಟ್ಟಿ ಹಿಂದೆ ಬಂದರೆ ಮೊದಲನೆಯದು, ಅಂಟಿಕೊಂಡೇ ಇದ್ದರೆ ಎರಡನೆಯದು. ನನ್ನದು ಹಿಂದೆ ಬಂದಿತ್ತು. ಸ್ಕ್ರೂ ಅತಿಯಾಗಿ ಒಳಗೆ ಹೋಗಿತ್ತು. ತರಗತಿಯಲ್ಲಿ ಇದು ಹೊಳೆಯಲಿಲ್ಲ.

ಮರುದಿನ ಇನ್ನೊಂದು ವಿಭಾಗದಲ್ಲಿ ಬಿಡಿಭಾಗಗಳನ್ನೇ ಒಯ್ದು ಮಕ್ಕಳೆದುರು ಜೋಡಿಸಿದೆ. ಒಂದೊಂದು ಹಂತಕ್ಕೂ ಒಂದು ಪರೀಕ್ಷೆ. ಮೊದಲು ಸುರುಳಿ: ಶುಷ್ಕಕೋಶ ಹಾಗೂ ಟಾರ್ಚ್ ಬಲ್ಬಿನೊಡನೆ ಸರಣಿಯಲ್ಲಿ ಸೇರಿಸಿದರೆ ಬಲ್ಬು ಉರಿಯಬೇಕು. ಉರಿಯಲಿಲ್ಲ, ತಂತಿಯ ಒಂದು ತುದಿಯ ಎನಾಮಲ್ ಕೆರೆದಿರಲಿಲ್ಲ. (ಕೈಯಲ್ಲಿ ಮಾಡಿದ ಉಪಕರಣಗಳು ಕೆಡುವುದು ಬಹುಪಾಲು ಇಲ್ಲೇ.) ಆಮೇಲೆ ತಿರುಳು: ಬಲ್ಬು ತೆಗೆದು ಸುರುಳಿಗೆ ನೇರವಾಗಿ ವಿದ್ಯುತ್ ಕೊಟ್ಟಾಗ ಗುಂಡುಸೂಜಿಗಳನ್ನು ಎತ್ತಬೇಕು, ನಿಲ್ಲಿಸಿದಾಗ ಎಲ್ಲವನ್ನೂ ಬೀಳಿಸಬೇಕು.

ಮೂರನೆಯದೇ ಮುಖ್ಯ. ಪಟ್ಟಿ, ಸ್ಕ್ರೂ ಸೇರಿದ ಮೇಲೆ ಬಲ್ಬನ್ನು ಮತ್ತೆ ಸರಣಿಯಲ್ಲಿಟ್ಟು, ಪಟ್ಟಿಯನ್ನು ಬೆರಳಿನಿಂದ ನಿಧಾನವಾಗಿ ತಿರುಳಿನತ್ತ ತಳ್ಳಿದೆವು. ಸುತ್ತಿಗೆ ಬಟ್ಟಲನ್ನು ಮುಟ್ಟುವ ಮುಂಚೆಯೇ ಬಲ್ಬು ಆರಬೇಕು. ಆರಲಿಲ್ಲ. ಸ್ಕ್ರೂವನ್ನು ಅರ್ಧ ಸುತ್ತು ಹಿಂದೆ ತಿರುಗಿಸಿದ ಹುಡುಗಿ ಮತ್ತೆ ತಳ್ಳಿದಳು, ಆರಿತು. ನಿನ್ನೆ ಈ ಒಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು. ಬಲ್ಬು ಉರಿಯುತ್ತಿದ್ದರೂ ಪಟ್ಟಿ ತಾನಾಗಿ ಏಕೆ ಚಲಿಸಲಿಲ್ಲ ಎಂದು ಒಬ್ಬ ಕೇಳಿದ. ಬಲ್ಬಿನ ರೋಧದಿಂದ ಸುರುಳಿಯಲ್ಲಿ ವಿದ್ಯುತ್ ಕಡಿಮೆ ಎಂದೆ. ಬಲ್ಬು ತೆಗೆದೆವು, ಗಂಟೆ ಮೊಳಗಿತು.

ಕಾರ್ಖಾನೆಯಲ್ಲೂ ಕ್ರಮ ಇದೇ: ವಿದ್ಯುತ್ ಕೊಡುವ ಮುನ್ನ ತಂತಿಗಳ ಅವಿಚ್ಛಿನ್ನತೆ, ಮೆಗ್ಗರ್‌ನಿಂದ ನಿರೋಧನ, ಕೊನೆಗೆ ಚಾಲನೆ. ತರಗತಿಯಲ್ಲಿ ಮಾತ್ರ ಶುಷ್ಕಕೋಶವೇ ಇರಲಿ. ಮನೆಯ 230 ವೋಲ್ಟ್ ಸಾಕೆಟ್ಟಿನ ಹತ್ತಿರ ಈ ಗಂಟೆಯನ್ನು ಒಯ್ಯಬಾರದು.

ಇದಕ್ಕೆ ಒಂದು ಅವಧಿ ಸಾಲದು. ಪಾಠಯೋಜನೆಯಲ್ಲಿ ಎರಡು ಎಂದು ತಿದ್ದಿ, ವೀಕ್ಷಕರ ಸಹಿ ಪಡೆದೆ.