ಘಟ್ಟ ಇಳಿಸೋದನ್ನು ಕಲಿಸೋರು ಯಾರು?

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನಲ್ಲಿ ಕಂದಕಕ್ಕೆ ಉರುಳಿ 10 ಮಂದಿ ಸತ್ತರು. ಹಣ್ಣು-ತರಕಾರಿ ವ್ಯಾಪಾರಿಗಳು ಲೋಡಿನ ಜೊತೆಗೇ ಕೂತಿದ್ದರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಸರಿದಾಗ ಹೀಗಾಯ್ತು, ಅಲ್ಲಿ ತಡೆಗೋಡೆ ಇರಲಿಲ್ಲ ಅಂತ ಪೊಲೀಸರು ಹೇಳಿದ್ದರು.

ತಡೆಗೋಡೆ ಬೇಕು, ನಿಜ. ಸರಕಿನ ಲಾರಿಯಲ್ಲಿ ಜನರನ್ನು ಕೂರಿಸೋದೂ ತಪ್ಪು. ಆ ಚಾಲಕನನ್ನು ದೂರೋದು ನನ್ನ ಉದ್ದೇಶ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಯಲ್ಲಾಪುರದ ಅರಬೈಲ್, ಶಿರಸಿಯ ದೇವಿಮನೆ, ಸಿದ್ದಾಪುರದ ದೊಡ್ಮನೆ ಘಟ್ಟಗಳಲ್ಲಿ ದಿನಾ ಲಾರಿ ಇಳಿಸೋರಿಗೆ ಅದನ್ನು ಕಲಿಸಿದ್ದು ಯಾರು?

ಕಾಗದದ ಮೇಲೆ ಉತ್ತರ ಇದೆ. ಭಾರಿ ವಾಹನದ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು. ಡ್ರೈವಿಂಗ್ ಸ್ಕೂಲಿನಲ್ಲಿ ಕನಿಷ್ಠ 30 ದಿನದ ತರಬೇತಿ, ಅದರಲ್ಲಿ ಗಾಡಿ ಓಡಿಸೋದು 15 ಗಂಟೆ. ಇಳಿಜಾರಲ್ಲಿ ಬೇಗ ಗೇರ್ ಇಳಿಸೋದು, ಏರಲ್ಲಿ ಹಿಂದೆ ಜಾರದೆ ಗಾಡಿ ಎತ್ತೋದು ಟೆಸ್ಟಿನಲ್ಲೇ ನೋಡಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಗಾಡಿ ಲೋಡ್ ಆಗಿರಬೇಕು ಅಂತ ಮಾತ್ರ ಹೇಳಲ್ಲ.

ಎಡವಟ್ಟು ಇರೋದು ಅಲ್ಲೇ. (ಎಂಜಿನಿಯರಿಂಗ್ ಓದಿದ್ದು ಇಷ್ಟಕ್ಕಾದರೂ ಬರಲಿ.) 15 ಟನ್ ಲಾರಿ 500 ಮೀಟರ್ ಎತ್ತರ ಇಳಿದರೆ ಸುಮಾರು 20 ಯೂನಿಟ್ ಕರೆಂಟಿನಷ್ಟು ಶಕ್ತಿ ಎಲ್ಲಾದರೂ ಹೋಗಲೇಬೇಕು. ಏರುವಾಗಿನ ಗೇರಲ್ಲೇ ಇಳಿದರೆ ದೊಡ್ಡ ಪಾಲನ್ನು ಎಂಜಿನ್ನೇ ತಡೆಯುತ್ತೆ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಹಾಕಿದರೆ ಪೂರ್ತಿ ಹೊರೆ ಬ್ರೇಕಿನ ಮೇಲೆ. ಡ್ರಮ್ ಕಾದು ಲೈನರ್ ಹಿಡಿತ ಬಿಟ್ಟರೆ ಪೆಡಲ್ ಒತ್ತಿದರೂ ಗಾಡಿ ನಿಲ್ಲಲ್ಲ. ಖಾಲಿ ಲಾರಿಯಲ್ಲಿ ಕಲಿತವನಿಗೆ ಇದು ಅನುಭವಕ್ಕೆ ಬರೋದೇ ಇಲ್ಲ. ಕೊನೆಗೆ ಕಲಿಸೋದು ಹಳೇ ಡ್ರೈವರು, ತನ್ನ ಕ್ಲೀನರ್ ಹುಡುಗನಿಗೆ. ನ್ಯೂಟ್ರಲ್ ಚಟವೂ ಅದೇ ದಾರಿಯಲ್ಲಿ ದಾಟುತ್ತೆ.

2019ರಲ್ಲಿ ಕೇಂದ್ರ ಸರ್ಕಾರ 8ನೇ ತರಗತಿ ಪಾಸಾಗಿರಬೇಕು ಅನ್ನೋ ಷರತ್ತು ತೆಗೀತು. ನನಗೆ ತಕರಾರಿಲ್ಲ, ಓದಿಲ್ಲದವರೂ ಒಳ್ಳೆ ಚಾಲಕರಾಗಬಲ್ಲರು. ಆದರೆ ಅದರ ಜಾಗದಲ್ಲಿ ಕೌಶಲದ ಪರೀಕ್ಷೆ ಬಿಗಿಯಾಗಬೇಕಿತ್ತು. ಅದರ ಬದಲು ಲೈಸೆನ್ಸಿನ ಅವಧಿ 3ರಿಂದ 5 ವರ್ಷಕ್ಕೆ ಏರಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, 7,500 ಕೆಜಿವರೆಗಿನ ಸರಕು ವಾಹನಕ್ಕೆ ಕಾರಿನ ಲೈಸೆನ್ಸೇ ಸಾಕು ಅಂತು. ಜೀವನೋಪಾಯದ ದೃಷ್ಟಿಯಿಂದ ಸರಿ ಇರಬಹುದು, ಘಟ್ಟಕ್ಕೆ ಅದು ಗೊತ್ತಾಗಲ್ಲ. ಯುರೋಪಿನಲ್ಲಿ ಲಾರಿ, ಬಸ್ ಚಾಲಕರಿಗೆ ಚುಟುಕು ತರಬೇತಿಯೇ 140 ಗಂಟೆ. ಮೇಲಿಂದ 5 ವರ್ಷಕ್ಕೊಮ್ಮೆ 35 ಗಂಟೆ.

ಅಷ್ಟು ಬೇಡ. ಶಿರಸಿ ಆರ್‌ಟಿಒಗೆ ಘಟ್ಟ ಹತ್ತಿರದಲ್ಲೇ ಇದೆ. ಭಾರಿ ವಾಹನದ ಟೆಸ್ಟನ್ನು ಲೋಡ್ ಹಾಕಿ ಅಲ್ಲೇ ಮಾಡಲಿ, ನವೀಕರಣಕ್ಕೆ ಬಂದವರಿಗೂ ಒಂದು ದಿನ ಕಲಿಸಲಿ. ಆ ದಿನದ ದುಡಿಮೆ ನಷ್ಟ ಡ್ರೈವರ್ ತಲೆಗೆ ಬೀಳಬಾರದು. ಪ್ರತಿ ಲಾರಿಯಿಂದ ತೆರಿಗೆ ತಗೊಳ್ಳೋ ಸರ್ಕಾರವೇ ಅದನ್ನು ಭರಿಸಲಿ.