ಹಳೆಯ ಕಾರಿನ ನಾಡಿಪರೀಕ್ಷೆ

ಚಳಿಜ್ವರದ ರೋಗಿಯನ್ನು ನೋಡುವ ವೈದ್ಯರು ಜ್ವರ ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿದ್ದು ಇಳಿಯುತ್ತದೆ, ಎಷ್ಟು ದಿನಕ್ಕೊಮ್ಮೆ ಮರಳುತ್ತದೆ ಎಂದು ವಿಚಾರಿಸುತ್ತಾರೆ. ರೋಗಿಯು ಚಿಕಿತ್ಸಾಲಯಕ್ಕೆ ಬಂದ ವೇಳೆಯಲ್ಲಿ ಮೈ ತಣ್ಣಗಿರಬಹುದು. ಆದರೂ ಈ ವಿವರಗಳಿಂದ ರೋಗದ ಸುಳಿವು ದೊರೆಯುತ್ತದೆ. ಹಳೆಯ ಕಾರಿಗೂ ಇಂಥದೇ ಒಂದು ವ್ಯಾಧಿಯುಂಟು. ಚೆನ್ನಾಗಿ ಓಡುತ್ತಿದ್ದ ವಾಹನ ಇದ್ದಕ್ಕಿದ್ದಂತೆ ಶಕ್ತಿಗುಂದಿ ನಿಂತುಬಿಡುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಕಿಂಚಿತ್ತೂ ತಂಟೆ ಮಾಡುವುದಿಲ್ಲ.

ಪ್ರೀಮಿಯರ್ ಪದ್ಮಿನಿ ಕಾರು ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿ ಸೇವೆಯಿಂದ ನಿವೃತ್ತವಾಯಿತು. ೧೯೮೩ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ ೮೦೦ರ ತಯಾರಿಕೆ ೨೦೧೪ರಲ್ಲಿ ಮುಗಿಯಿತು. ಆದರೂ ತಂದೆಯವರ ಕಾಲದ್ದೆಂಬ ಮಮತೆಯಿಂದಲೋ, ಹೊಸದರ ಸಾಲ ಬೇಡವೆಂಬ ವಿವೇಕದಿಂದಲೋ ಇಂಥ ಕಾರುಗಳನ್ನು ಜೋಪಾನ ಮಾಡಿಕೊಂಡು ಬಂದಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹಬ್ಬಕ್ಕೆಂದು ಸಕುಟುಂಬವಾಗಿ ಊರಿಗೆ ಹೊರಟಾಗ, ಪುಣೆ-ಸಾತಾರಾ ನಡುವಿನ ಖಂಬಾಟಕಿಯಂಥ ಘಾಟಿನ ಏರಿನಲ್ಲಿ, ಹಿಂದೆ ಲಾರಿಗಳ ಸಾಲಿರುವಾಗ ಎಂಜಿನ್ ನಿಂತರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕಾರ್ಬ್ಯುರೇಟರ್ ಇರುವ ಹಳೆಯ ಪೆಟ್ರೋಲ್ ಕಾರುಗಳ ಈ ದೋಷವನ್ನು ಪತ್ತೆ ಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎಂಜಿನ್ ನಡೆಯಲು ಮೂರು ಸಂಗತಿಗಳು ಬೇಕು: ತಕ್ಕ ಪ್ರಮಾಣದಲ್ಲಿ ಬೆರೆತ ಪೆಟ್ರೋಲು ಮತ್ತು ಗಾಳಿ, ಸಿಲಿಂಡರಿನಲ್ಲಿ ಸಾಕಷ್ಟು ಒತ್ತಡ, ಸಕಾಲಕ್ಕೆ ಒಂದು ಕಿಡಿ. ಪಿಸ್ಟನ್ ರಿಂಗು ಸವೆದು ಒತ್ತಡ ಕುಂದಿದರೆ ಶಕ್ತಿ ಪ್ರತಿದಿನವೂ ಕುಂದಿರುತ್ತದೆ. ಸವೆದ ಲೋಹ ಅರ್ಧ ಗಂಟೆಯ ವಿಶ್ರಾಂತಿಯಿಂದ ಮತ್ತೆ ಬೆಳೆಯುವುದಿಲ್ಲ. ಬಂದು ಹೋಗುವ ದೋಷಕ್ಕೆ ಬಂದು ಹೋಗುವ ಕಾರಣವನ್ನೇ ಹುಡುಕಬೇಕು. ಅಂಥ ಕಾರಣಗಳು ಮುಖ್ಯವಾಗಿ ನಾಲ್ಕು: ಉಷ್ಣ, ತೇವ, ಅಲುಗಾಟ ಮತ್ತು ಇಂಧನದ ದಾರಿಯಲ್ಲಿನ ತಡೆ.

ಉಷ್ಣ: ಇಗ್ನಿಷನ್ ಕಾಯಿಲಿನೊಳಗಿನ ಕೂದಲೆಳೆಯಂಥ ತಂತಿ ಹಳತಾದಾಗ ಕಾಯ್ದು ಹಿಗ್ಗಿ ಸಂಪರ್ಕ ಕಡಿದುಕೊಳ್ಳಬಹುದು, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಸಹ ಬಿಸಿಯಾದಾಗ ಮಾತ್ರ ಕೈಕೊಡುವುದುಂಟು. ಬೇಸಿಗೆಯಲ್ಲಿ ಎಂಜಿನ್ನಿನ ಪಕ್ಕದ ಪಂಪು, ಕೊಳವೆಗಳಲ್ಲಿ ಪೆಟ್ರೋಲು ಕುದಿದು ಆವಿಯಾದರೆ, ದ್ರವವನ್ನು ತಳ್ಳಲೆಂದು ನಿರ್ಮಿತವಾದ ಪಂಪು ಆವಿಯನ್ನು ತಳ್ಳಲಾರದು. ಎಂಜಿನ್ ನಿಲ್ಲಿಸಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದ ಕೆಲವೇ ನಿಮಿಷಗಳಲ್ಲಿ ಕಾರು ಹೊರಟರೆ ಅನುಮಾನ ಈ ಆವಿತಡೆಯ ಕಡೆಗೆ ವಾಲುತ್ತದೆ.

ತೇವ: ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕೂದಲಿನಷ್ಟು ಬಿರುಕಿದ್ದರೂ ಮಳೆಗಾಲದಲ್ಲಿ ಕಿಡಿ ಪ್ಲಗ್ಗಿಗೆ ಹೋಗದೆ ಆ ಒದ್ದೆ ಗೆರೆಯಗುಂಟ ಹರಿದುಹೋಗುತ್ತದೆ. ಮಳೆಯ ದಿನ ಮಾತ್ರ ತೊಂದರೆ ಕೊಡುವ ಕಾರಿನಲ್ಲಿ ಮುಚ್ಚಳ ಮತ್ತು ಪ್ಲಗ್ ವಯರುಗಳನ್ನು ಮೊದಲು ನೋಡಬೇಕು.

ಅಲುಗಾಟ: ಬ್ಯಾಟರಿಯ ಸಡಿಲ ಟರ್ಮಿನಲ್ಲು, ಸವೆದ ಇಗ್ನಿಷನ್ ಸ್ವಿಚ್ಚು, ಡಿಸ್ಟ್ರಿಬ್ಯೂಟರಿನೊಳಗೆ ಹೊದಿಕೆಯ ಅಡಿಯಲ್ಲಿ ತುಂಡಾದ ಚಿಕ್ಕ ತಂತಿ ಇವು ಹಳ್ಳ ದಿಣ್ಣೆಯಲ್ಲಿ ಕ್ಷಣಕಾಲ ಸಂಪರ್ಕ ತಪ್ಪಿಸುತ್ತವೆ.

ಇಂಧನದ ತಡೆ: ಟ್ಯಾಂಕಿನ ತುಕ್ಕು ಮತ್ತು ಕಸ ಕೊಳವೆಯ ಬಾಯಿಗೆ ಸೇರಿ ಅಡ್ಡಗಟ್ಟುತ್ತವೆ, ಎಂಜಿನ್ ನಿಂತೊಡನೆ ಸೆಳೆತ ತಪ್ಪಿ ಕೆಳಗಿಳಿಯುತ್ತವೆ. ಈಗ ಇದಕ್ಕೆ ಇನ್ನೊಂದು ಸಂಗತಿ ಸೇರಿದೆ. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ ೨೦ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಎಥನಾಲ್ ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸಬಲ್ಲದು. ಟ್ಯಾಂಕಿನ ತಳದ ಜಿಡ್ಡನ್ನು ಸಡಿಲಿಸಬಲ್ಲದು. ಅದು ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ನೀರು ಮಿತಿಮೀರಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ತಿಂಗಳುಗಟ್ಟಲೆ ನಿಂತಿರುವ ಕಾರಿಗೆ ಈ ಬಾಧೆ ಹೆಚ್ಚು. ರಬ್ಬರು ಕೊಳವೆ ಮತ್ತು ಪಂಪಿನ ಡಯಾಫ್ರಾಮುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿಕೊಳ್ಳುವುದು ಕ್ಷೇಮಕರ.

ದೋಷ ಇಂಧನದ್ದೋ ಕಿಡಿಯದ್ದೋ ಎಂಬುದನ್ನು ಕಾರು ನಿಲ್ಲುವ ರೀತಿಯೇ ಬಹುಮಟ್ಟಿಗೆ ತಿಳಿಸುತ್ತದೆ. ಇಂಧನ ಸಾಲದಿದ್ದರೆ ಕಾರು ಮುಗ್ಗರಿಸುತ್ತ, ಏರಿನಲ್ಲಿ ಎಳೆಯಲಾರದೆ, ಕ್ರಮೇಣ ನಿಲ್ಲುತ್ತದೆ. ಆಗ ಚೋಕ್ ಎಳೆದರೆ ತುಸು ಚೇತರಿಸಿಕೊಳ್ಳುವುದುಂಟು. ಕಿಡಿ ಪೂರ್ತಿ ತಪ್ಪಿದರೆ ಬೀಗದ ಕೈ ತಿರುಗಿಸಿದಂತೆ ಥಟ್ಟನೆ ನಿಲ್ಲುತ್ತದೆ. ನಿಂತ ತತ್‌ಕ್ಷಣವೇ, ತಣಿಯುವ ಮುನ್ನ, ಏರ್ ಕ್ಲೀನರಿನ ಮುಚ್ಚಳ ತೆಗೆದು ಕಾರ್ಬ್ಯುರೇಟರಿನ ಗಂಟಲನ್ನು ನೋಡುತ್ತ ಆಕ್ಸಿಲರೇಟರಿನ ಸನ್ನೆಯನ್ನು ಕೈಯಿಂದ ಒಮ್ಮೆ ಎಳೆಯಬೇಕು. ಪೆಟ್ರೋಲು ಚಿಮ್ಮಿದರೆ ಅದು ಅಲ್ಲಿಯವರೆಗೆ ಬಂದಿದೆಯೆಂದು ಅರ್ಥ. ಕಿಡಿಯ ದಾರಿಯನ್ನು ಪರೀಕ್ಷಿಸಬೇಕು. ಚಿಮ್ಮದಿದ್ದರೆ ಪಂಪಿನಿಂದ ಟ್ಯಾಂಕಿನವರೆಗೆ ಹಿಮ್ಮುಖವಾಗಿ ಹುಡುಕುತ್ತ ಹೋಗಬೇಕು. ಹತ್ತಿರದಲ್ಲಿ ಬೀಡಿ ಸಿಗರೇಟಿನ ಬೆಂಕಿ ಇರಕೂಡದು. ತೆರೆದ ಪೆಟ್ರೋಲಿನ ಬಳಿ ಕಿಡಿ ಹಾರಿಸುವ ಪರೀಕ್ಷೆಯನ್ನೂ ಮಾಡಕೂಡದು. ಅದನ್ನು ಬಲ್ಲ ಮೆಕ್ಯಾನಿಕ್ಕನಿಗೆ ಬಿಡುವುದು ಲೇಸು.

ನನ್ನ ಪರಿಚಿತರೊಬ್ಬರ ಕಾರಿನ ಪ್ರಕರಣ ಇಲ್ಲಿ ಉಲ್ಲೇಖಾರ್ಹವಾಗಿದೆ. ಅದು ಹೊರಟ ಮುಕ್ಕಾಲು ಗಂಟೆಗೆ ಮುಗ್ಗರಿಸಿ ನಿಲ್ಲುತ್ತಿತ್ತು. ಮೆಕ್ಯಾನಿಕ್ಕರು ಉಷ್ಣವೇ ಕಾರಣವೆಂದು ತರ್ಕಿಸಿ ಹೊಸ ಕಾಯಿಲ್ ಹಾಕಿದರು, ಪಂಪು ಬದಲಿಸಿದರು, ಕಾರ್ಬ್ಯುರೇಟರನ್ನು ಎರಡು ಬಾರಿ ಬಿಚ್ಚಿ ತೊಳೆದರು. ಬಿಲ್ಲು ಬೆಳೆಯಿತೇ ಹೊರತು ರೋಗ ಹೋಗಲಿಲ್ಲ. ಕೊನೆಗೆ ಅವರು ಪ್ರತಿ ಸಲದ ವಿವರವನ್ನೂ ಬರೆದಿಡಲು ತೊಡಗಿದರು. ಜನವರಿಯ ನಸುಕಿನ ಚಳಿಯಲ್ಲಿಯೂ ಅಷ್ಟೇ ಹೊತ್ತಿಗೆ ಕಾರು ನಿಂತದ್ದು ಅದರಲ್ಲಿ ದಾಖಲಾಯಿತು; ಉಷ್ಣದ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು. ಮುಂದಿನ ಸಲ ನಿಂತಾಗ ಟ್ಯಾಂಕಿನ ಮುಚ್ಚಳ ತೆರೆದರು. ಗಾಳಿ ಬುಸ್ಸೆಂದು ಒಳನುಗ್ಗಿತು. ಕಾರು ಕೂಡಲೇ ಹೊರಟಿತು. ಕೆಲವು ತಿಂಗಳ ಹಿಂದೆ ಪೇಟೆಯಲ್ಲಿ ಕೊಂಡು ಹಾಕಿದ್ದ ಬೀಗದ ಮುಚ್ಚಳದಲ್ಲಿ ಗಾಳಿಯಾಡುವ ರಂಧ್ರವೇ ಇರಲಿಲ್ಲ. ಖರ್ಚಾದ ಪೆಟ್ರೋಲಿನ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು, ಪಂಪಿನ ಸೆಳೆತವನ್ನು ಸೋಲಿಸುತ್ತಿತ್ತು. ನಿಂತಾಗ ಸಂದುಗಳಿಂದ ಗಾಳಿ ನಿಧಾನವಾಗಿ ಸೇರಿ ಕಾರು ತಾನಾಗಿ ಗುಣವಾಗುತ್ತಿತ್ತು. ವಿಶ್ರಾಂತಿಯಿಂದ ಗುಣವಾಗುವುದೆಲ್ಲವೂ ತಣಿದು ಗುಣವಾದದ್ದೆಂದು ಭಾವಿಸಲಾಗದು.

ಆದುದರಿಂದ ಕಾರಿನಲ್ಲಿ ಒಂದು ಚಿಕ್ಕ ಪುಸ್ತಕ ಇರಲಿ. ದಿನಾಂಕ, ಹೊರಟು ಎಷ್ಟು ಹೊತ್ತಾಗಿತ್ತು, ಏರೋ ಸಮತಟ್ಟೋ, ಬಿಸಿಲೋ ಮಳೆಯೋ, ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು, ಮೆಲ್ಲನೆ ನಿಂತಿತೋ ಥಟ್ಟನೆಯೋ, ಎಷ್ಟು ಹೊತ್ತಿಗೆ ಹೊರಟಿತು ಎಂಬುದನ್ನು ಬರೆಯಬೇಕು. ಹಿಂದಿನ ರಿಪೇರಿಗಳನ್ನೂ, ಹಾಕಿಸಿದ ಹೊಸ ಭಾಗಗಳನ್ನೂ ನಮೂದಿಸಬೇಕು. ತಾಳೆಪಟ್ಟಿಯಲ್ಲಿ ವ್ಯತ್ಯಾಸ ಬಂದಾಗ ಹತ್ತು ಖಾತೆಗಳನ್ನು ಒಟ್ಟಿಗೆ ತಿದ್ದುವ ಗುಮಾಸ್ತನಿಗೆ ತಪ್ಪು ಎಲ್ಲಿತ್ತೆಂಬುದು ಎಂದಿಗೂ ತಿಳಿಯದು. ಕಾರಿನಲ್ಲಿಯೂ ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಓಡಿಸಿ ನೋಡಿ, ಫಲಿತಾಂಶವನ್ನು ಬರೆದ ನಂತರವೇ ಮುಂದಿನದಕ್ಕೆ ಕೈಹಾಕಬೇಕು. ತೆಗೆದ ಹಳೆಯ ಭಾಗವನ್ನು ರೋಗ ಗುಣವಾಗುವವರೆಗೆ ಎಸೆಯಬಾರದು.

ಕೊನೆಯದಾಗಿ ಜೀವರಕ್ಷಣೆಯ ಮಾತು. ಎಂಜಿನ್ ಕುಂದತೊಡಗಿದೊಡನೆ ಇಂಡಿಕೇಟರ್ ಹಾಕಿ, ವೇಗ ಇರುವಾಗಲೇ ಎಡಬದಿಗೆ ಸರಿಯಬೇಕು. ಕಾರು ಚಲಿಸುತ್ತಿರುವಾಗ ಬೀಗದ ಕೈಯನ್ನು ಹೊರತೆಗೆಯಕೂಡದು, ಸ್ಟೀರಿಂಗ್ ಬಿಗಿದುಕೊಂಡೀತು. ನಿರ್ವಾತದ ನೆರವುಳ್ಳ ಬ್ರೇಕು ಎಂಜಿನ್ ನಿಂತ ಮೇಲೆ ಒಂದೆರಡು ಒತ್ತಿಗಷ್ಟೇ ಹಗುರಾಗಿರುತ್ತದೆ. ಅನಂತರ ಕಾಲಿನ ಪೂರ್ಣಬಲ ಬೇಕಾಗುತ್ತದೆ. ನಿಂತ ಬಳಿಕ ಕೈಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮಕ್ಕಳನ್ನೂ ವೃದ್ಧರನ್ನೂ ರಸ್ತೆಯಿಂದ ದೂರ ಕೂರಿಸಬೇಕು. ಮನೆಯಲ್ಲಿ ಪರೀಕ್ಷೆ ಮಾಡುವವರು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ನಡೆಸಲೇಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಚ್ಚರಿಕೆ ಕೊಡದೆ ಪ್ರಾಣ ತೆಗೆಯಬಲ್ಲದು.

ಕಾರಣ ದೊರೆಯುವವರೆಗೆ ಅಂಥ ಕಾರನ್ನು ಊರೊಳಗಿನ ಸಣ್ಣ ಕೆಲಸಗಳಿಗಷ್ಟೇ ಬಳಸಿ, ಘಾಟಿನ ಪಯಣಕ್ಕೆ ರೈಲನ್ನೋ ಬಸ್ಸನ್ನೋ ಆಶ್ರಯಿಸುವುದು ಜಾಣತನ. ತಾನಾಗಿ ಹೋದ ದೋಷ ತಾನಾಗಿ ಮರಳಿ ಬರುತ್ತದೆ. ಕಾರಣ ಗೊತ್ತಾಗಿ ಹೋದದ್ದನ್ನು ಮಾತ್ರ ಹೋಯಿತೆಂದು ನಂಬಬೇಕು.