ಸೂಪರ್‌ಮಾರ್ಕೆಟ್ ಬಂತು: ತರಕಾರಿ ಕೊಡೋ ಮುಂಚೆ, ಕೆಲಸಕ್ಕೆ ಸೇರೋ ಮುಂಚೆ



ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಬಂತು. ಫ್ಯಾಕ್ಟರಿ, ಆಸ್ಪತ್ರೆ, ಅಪಾರ್ಟ್‌ಮೆಂಟ್ ಬೆಳೆದ ಕಡೆ ಸೂಪರ್‌ಮಾರ್ಕೆಟ್ ಸರಪಳಿಗಳೂ ಹೊಸ ಅಂಗಡಿ ತೆರೆಯುತ್ತವೆ. "ನಮ್ಮ ತರಕಾರಿ ತಗೊಳ್ತಾರಾ? ಮಕ್ಕಳಿಗೆ ಕೆಲಸ ಸಿಗುತ್ತಾ?" ಅನ್ನೋ ಪ್ರಶ್ನೆ ಸಹಜ. ಎರಡಕ್ಕೂ ದಾರಿ ಇದೆ, ಆದರೆ ಮೊದಲು ಲೆಕ್ಕ ಹಾಕಿ ಅಂತೀನಿ ನಾನು.

ಮಾಲು ಹೇಗೆ ಹೋಗುತ್ತೆ?

ಅಂಗಡಿ ಬಾಗಿಲಿಗೆ ಮೂಟೆ ಒಯ್ದರೆ ಸಾಮಾನ್ಯವಾಗಿ ತಗೊಳ್ಳಲ್ಲ. ದೊಡ್ಡ ಸರಪಳಿಗಳು ಸಂಗ್ರಹಣಾ ಕೇಂದ್ರ ಅಥವಾ ಸರಬರಾಜುದಾರರ ಮೂಲಕ ಕೊಳ್ಳುತ್ತವೆ. ಅಲ್ಲಿ ಗ್ರೇಡಿಂಗ್ ನಡೆಯುತ್ತೆ. ಒಂದೇ ಗಾತ್ರ, ಕಲೆ ಇಲ್ಲದ ಮಾಲು ಮಾತ್ರ ಪಾಸ್. ಉಳಿದದ್ದು ನಿಮ್ಮ ತಲೆ ಮೇಲೆ.

ಒಂದು ಅಂದಾಜು ನೋಡಿ. 100 ಕೆಜಿ ಟೊಮ್ಯಾಟೊದಲ್ಲಿ 60 ಕೆಜಿ ₹20ರಂತೆ ಹೋಯ್ತು, ವಾಪಸ್ ಬಂದ 40 ಕೆಜಿ ₹8ಕ್ಕೆ ಮಾರಿದಿರಿ ಅಂದುಕೊಳ್ಳಿ. ಒಟ್ಟು ₹1,520, ಅಂದ್ರೆ ಕೆಜಿಗೆ ₹15.20. ಮಂಡಿಯಲ್ಲಿ ಬಾಡಿಗೆ, ಹಮಾಲಿ, ಕಮಿಷನ್ ಕಳೆದು ಪೂರ್ತಿ ಮಾಲಿಗೆ ಕೆಜಿಗೆ ₹16 ಕೈಗೆ ಸಿಕ್ಕರೆ ಮಂಡಿಯೇ ಲಾಭ. ಹಾಗಾಗಿ ₹20 ರೇಟು ಒಂದನ್ನೇ ನೋಡಬೇಡಿ.

ಮೊದಲೇ ಕೇಳಿ:
- ಗ್ರೇಡಿಂಗ್ ನಿಮ್ಮೆದುರೇ ಆಗುತ್ತಾ?
- ದುಡ್ಡು ಎಷ್ಟು ದಿನಕ್ಕೆ ಖಾತೆಗೆ ಬರುತ್ತೆ?
- ತೂಕ ಮತ್ತು ರೇಟಿನ ಚೀಟಿ ಕೊಡ್ತಾರಾ?
- ಎಷ್ಟು ಮಾಲು ಬೇಕು ಅಂತ ಹಿಂದಿನ ದಿನವೇ ತಿಳಿಸ್ತಾರಾ?

ಒಬ್ಬೊಬ್ಬರೇ ಹೋದರೆ ಚೌಕಾಸಿ ಕಷ್ಟ. 10 ಬೆಳೆಗಾರರು ಸೇರಿದರೆ ಉತ್ಪಾದಕರ ಕಂಪನಿ ನೋಂದಾಯಿಸಬಹುದು. ಇವತ್ತಿನ ಹಾಪ್‌ಕಾಮ್ಸ್ ಕೂಡ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು.

ಕೆಲಸದ ಮಾತು

ಬಿಲ್ಲಿಂಗ್, ಪ್ಯಾಕಿಂಗ್, ಸರಕು ಜೋಡಿಸೋದು, ಡೆಲಿವರಿ: ಊರಿನವರಿಗೆ ಹೆಚ್ಚಾಗಿ ಸಿಗೋದು ಈ ಕೆಲಸಗಳು. ಎಷ್ಟೋ ಕಡೆ ನೇಮಕ ಗುತ್ತಿಗೆದಾರರ ಮೂಲಕ. ಸಂಬಳದ ಚೀಟಿಯಲ್ಲಿ ಪಿಎಫ್‌ಗೆ 12%, ಇಎಸ್‌ಐಗೆ 0.75% ಕಡಿತ ಆಗಿದ್ದರೆ ಮಾಲೀಕರ ಪಾಲೂ ಕಟ್ಟಿದ್ದಾರಾ ನೋಡಿ. ಯುಎಎನ್ ನಂಬರ್ ಮತ್ತು ಇಎಸ್‌ಐ ನಂಬರ್ ಕೇಳಿ ಪಡೆಯಿರಿ. ವಾರದ ರಜೆ, ರಾತ್ರಿ ಪಾಳಿ ಮುಗಿದ ಮೇಲೆ ಮನೆಗೆ ಬರೋ ವ್ಯವಸ್ಥೆ ಬಗ್ಗೆ ಸೇರೋ ದಿನವೇ ಮಾತಾಡಿ.

ಪೂರ್ತಿ ತೋಟವನ್ನು ಒಬ್ಬನೇ ಕೊಳ್ಳುವವನಿಗೆ ಕಟ್ಟಬೇಡಿ. ಒಂದು ಪಾಲು ಸರಪಳಿಗೆ, ಇನ್ನೊಂದು ಪಾಲು ಮಂಡಿಗೆ, ಸೊಪ್ಪು ಸಂತೆಗೆ ಇರಲಿ. ಮಗಳಿಗೋ ಮಗನಿಗೋ ಸಂಬಳ ಶುರುವಾಯ್ತು ಅಂತ ನೀರಿರೋ ಅರ್ಧ ಎಕರೆ ಬೀಳು ಬಿಡಬೇಡಿ. ಗುತ್ತಿಗೆ ಕೆಲಸ ನಿಂತ ತಿಂಗಳು ಮನೆ ಖರ್ಚಿಗೆ ಅದೇ ಆಧಾರ.